ಪಾರ್ಟಿಶನ್ ನಕಲು: ಅಳತೆ ಬೇಕು, ಗುರುತು ಬೇಡ

ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಎರಡು ಡಿಸ್ಕಿನ ಮಿರರ್ (ಒಂದೇ ಡೇಟಾವನ್ನು ಎರಡರಲ್ಲೂ ಬರೆಯುವ ಅರೇ) ಇತ್ತು, ಅದರಲ್ಲಿ ಒಂದು ಡಿಸ್ಕ್ ಕೈಕೊಟ್ಟಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ರೀಅಲೊಕೇಟೆಡ್ (ಕೆಟ್ಟು ಬದಲಿ ಜಾಗಕ್ಕೆ ಹೋದ) ಸೆಕ್ಟರ್‌ಗಳ ಲೆಕ್ಕ ಕೆಲವು ವಾರಗಳಿಂದ ಏರುತ್ತಲೇ ಇತ್ತು. ಕೊನೆಗೆ ಕರ್ನಲ್ಲೇ ಅದನ್ನು ಅರೇಯಿಂದ ಆಚೆ ಹಾಕಿತು. ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ತೆಗೆದು ನೋಡಿದರೆ ಎರಡು ಯು ಇರಬೇಕಾದ ಕಡೆ ಒಂದು ಯು, ಪಕ್ಕದಲ್ಲಿ ಒಂದು ಅಂಡರ್‌ಸ್ಕೋರ್. ಸರ್ವರ್ ಮಾತ್ರ ಏನೂ ಆಗಿಲ್ಲ ಅನ್ನುವಂತೆ ಓಡುತ್ತಿತ್ತು. ಮಿರರ್ ಇಡುವುದೇ ಅದಕ್ಕಲ್ವಾ.

ಹೊಸ ಡಿಸ್ಕ್ ಬಂತು. ಹಳೆಯವು 2 ಟಿಬಿ, ಬಂದದ್ದು 4 ಟಿಬಿ. ಡಿಸ್ಕಿನಲ್ಲಿ ಮೂರು ಪಾರ್ಟಿಶನ್, ಅಂದರೆ ಮೂರು ಭಾಗ: ಮೊದಲಿಗೆ ಚಿಕ್ಕ ಇಎಫ್‌ಐ (ಮೆಷಿನ್ ಎದ್ದೇಳುವಾಗ ಮದರ್‌ಬೋರ್ಡ್ ಓದುವ ಭಾಗ), ಆಮೇಲೆ ಬೂಟ್, ಉಳಿದದ್ದೆಲ್ಲ ಎಲ್‌ವಿಎಂ (ಜಾಗವನ್ನು ಬೇಕಾದಂತೆ ಹಂಚಿಕೊಡುವ ವ್ಯವಸ್ಥೆ). ಕೊನೆಯ ಎರಡು ಮಿರರ್‌ನಲ್ಲಿದ್ದವು. ಹೊಸದರಲ್ಲೂ ಇದೇ ವಿನ್ಯಾಸ ಬೇಕು. ಸೇರಿಸುವ ಪಾರ್ಟಿಶನ್ ಅರೇ ಬಳಸುತ್ತಿರುವ ಅಳತೆಗಿಂತ ಒಂಚೂರು ಚಿಕ್ಕದಾದರೂ ಅರೇ ನೋಡಿಕೊಳ್ಳುವ ಎಂಡಿಆಡ್ಮ್ ಕಮಾಂಡ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೂರು ಸಾಲು ತಾನೇ, ಕೈಯಲ್ಲೇ ಟೈಪ್ ಮಾಡಬಹುದು ಅನ್ನಿಸುತ್ತದೆ. ಆದರೆ ಹತ್ತಂಕಿಯ ಸೆಕ್ಟರ್ ಸಂಖ್ಯೆಗಳನ್ನು ಕಣ್ಣಳತೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಸುವುದು ನನಗೆ ಸರಿಬರುವುದಿಲ್ಲ. ಮೆಷಿನ್ ಮಾಡಬೇಕಾದ ಕೆಲಸ ಅದು.

ಜತೆಗಿದ್ದ ಹುಡುಗ ಕೇಳಿದ, "ಸರ್, ಡಿಡಿ ಹೊಡೆದ್ರೆ ಆಯ್ತಲ್ವಾ? ಮೊದಲನೇ ಸೆಕ್ಟರ್ ಕಾಪಿ ಮಾಡಿದ್ರೆ ಮುಗೀತು."

"ಹಳೇ ಕಾಲದ ಡಿಸ್ಕಾಗಿದ್ರೆ ಅರ್ಧ ಸರಿ ಕಣೋ. ಇದಕ್ಕೆ ಅದೂ ಇಲ್ಲ" ಅಂದೆ.

ಡಿಡಿ ಅಂದರೆ ಡಿಸ್ಕಿನ ಬೈಟ್‌ಗಳನ್ನು ಇದ್ದ ಹಾಗೇ ನಕಲು ಮಾಡುವ ಕಮಾಂಡ್. ಹಳೇ ಕಾಲದ್ದು ಅಂದರೆ ಎಂಬಿಆರ್, ಪಾರ್ಟಿಶನ್ ಪಟ್ಟಿ ಬರೆದಿಡುವ ಒಂದು ಬಗೆ. 1983ರಲ್ಲಿ ಪಿಸಿ ಡಾಸ್ 2.0 ಜತೆ ಬಂದ ಪದ್ಧತಿ. ಡಿಸ್ಕಿನ ಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ 446 ಬೈಟ್ ಬೂಟ್ ಕೋಡಿಗೆ, 64 ಬೈಟ್ ಪಾರ್ಟಿಶನ್ ಪಟ್ಟಿಗೆ, ಕೊನೆಯ 2 ಬೈಟ್ ಸಹಿಗೆ. ಒಂದೊಂದು ಪಾರ್ಟಿಶನ್‌ಗೆ 16 ಬೈಟ್, ಹಾಗಾಗಿ ನಾಲ್ಕೇ ಪಾರ್ಟಿಶನ್. ಆ ಒಂದು ಸೆಕ್ಟರ್ ನಕಲು ಮಾಡಿದರೆ ನಾಲ್ಕು ಪ್ರೈಮರಿ ಪಾರ್ಟಿಶನ್ ಬರುತ್ತವೆ, ನಿಜ. ಎಕ್ಸ್‌ಟೆಂಡೆಡ್ ಒಳಗಿನ ಲಾಜಿಕಲ್ ಪಾರ್ಟಿಶನ್‌ಗಳು ಬರುವುದಿಲ್ಲ. ಅವುಗಳ ವಿವರ ಡಿಸ್ಕಿನ ಒಳಗೆ ಬೇರೆ ಬೇರೆ ಜಾಗದಲ್ಲಿ ಸರಪಣಿಯಾಗಿ ಕೂತಿರುತ್ತದೆ. ಮೊದಲ ಸೆಕ್ಟರ್‌ಗೆ ಆ ಸರಪಣಿಯ ತುದಿ ಮಾತ್ರ ಗೊತ್ತು. ಇನ್ನೊಂದು ವಿಷಯ, ಆ 446 ಬೈಟಿನ ಕೊನೆಯ ಭಾಗದಲ್ಲಿ 4 ಬೈಟಿನ ಡಿಸ್ಕ್ ಗುರುತು ಇರುತ್ತದೆ. ಅದೂ ಸದ್ದಿಲ್ಲದೆ ನಕಲಾಗಿಬಿಡುತ್ತದೆ. ಎಂಬಿಆರ್ ಡಿಸ್ಕುಗಳಲ್ಲಿ ಲಿನಕ್ಸ್ ಪಾರ್ಟಿಶನ್ ಯುಯುಐಡಿ (ಪಾರ್ಟಿಶನ್‌ನ ಸ್ವಂತ ಗುರುತಿನ ಸಂಖ್ಯೆ) ಕಟ್ಟುವುದು ಇದೇ ಗುರುತಿನಿಂದ.

ನಮ್ಮದು ಜಿಪಿಟಿ, ಎಂಬಿಆರ್ ನಂತರ ಬಂದ ಪದ್ಧತಿ. ಇಲ್ಲಿ ಮೊದಲ ಸೆಕ್ಟರ್‌ನಲ್ಲಿ ಇರುವುದು ಬರೀ ಕಾವಲಿಗಿಟ್ಟ ಡಮ್ಮಿ ಎಂಬಿಆರ್. ಅದರ ಮುಂದಿನದು ಹೆಡರ್, ಆಮೇಲೆ 32 ಸೆಕ್ಟರ್‌ಗಳಲ್ಲಿ 128 ಪಾರ್ಟಿಶನ್‌ಗಳಿಗೆ ಜಾಗ. "ಹಾಗಾದ್ರೆ 34 ಸೆಕ್ಟರ್ ಕಾಪಿ ಮಾಡೋಣ" ಅಂತ ಹುಡುಗ ತಕ್ಷಣ ಲೆಕ್ಕ ಹಾಕಿದ. ಚುರುಕಾಗಿದ್ದಾನೆ. ಆದರೆ ಜಿಪಿಟಿಯ ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಯಲ್ಲಿ ಇರುತ್ತದೆ, ಆ ಪ್ರತಿ ಎಲ್ಲಿದೆ ಅನ್ನುವುದು ಮೊದಲ ಹೆಡರ್‌ನಲ್ಲಿ ಬರೆದಿರುತ್ತದೆ. 2 ಟಿಬಿ ಡಿಸ್ಕಿನ ಹೆಡರ್ ತಂದು 4 ಟಿಬಿ ಡಿಸ್ಕಿಗೆ ಅಂಟಿಸಿದರೆ, ಅದು ಹೊಸ ಡಿಸ್ಕಿನ ನಟ್ಟನಡುವೆ ಕೈ ತೋರಿಸಿ ಬ್ಯಾಕಪ್ ಅಲ್ಲಿದೆ ಅನ್ನುತ್ತದೆ. ಅಲ್ಲಿ ಏನೂ ಇರುವುದಿಲ್ಲ. ಕರ್ನಲ್ ಗೊಣಗುತ್ತದೆ, ಕೆಲಸವೇನೋ ನಡೆಯುತ್ತದೆ. ಜಿಪಿಟಿ ಪಟ್ಟಿ ತಿದ್ದುವ ಎಸ್‌ಜಿಡಿಸ್ಕ್ ಕಮಾಂಡಿಗೆ ಡ್ಯಾಶ್ ಇ ಕೊಟ್ಟರೆ ಬ್ಯಾಕಪ್ಪನ್ನು ನಿಜವಾದ ಕೊನೆಗೆ ಸರಿಸಿಯೂ ಬಿಡುತ್ತದೆ. ಆದರೆ ಕೆಡಿಸಿ ರಿಪೇರಿ ಮಾಡುವ ದಾರಿ ಯಾಕೆ ಬೇಕು, ನೇರ ದಾರಿ ಇರುವಾಗ?

ನೇರ ದಾರಿಗಳು ಎರಡು. ಒಂದು ಎಸ್‌ಜಿಡಿಸ್ಕ್. ಅದರಲ್ಲಿ ಡ್ಯಾಶ್ ಕ್ಯಾಪಿಟಲ್ ಆರ್ ಕೊಟ್ಟರೆ ಒಂದೇ ಏಟಿಗೆ ಪಟ್ಟಿ ಪೂರ್ತಿ ನಕಲಾಗುತ್ತದೆ. ಅದರ ಬಗ್ಗೆ ನನಗೆ ಒಂದೇ ತಕರಾರು. ಆರ್ ಪಕ್ಕದಲ್ಲಿ ಬರೆಯಬೇಕಾದದ್ದು ಯಾವುದಕ್ಕೆ ನಕಲಾಗಬೇಕೋ ಆ ಡಿಸ್ಕ್. ಯಾವುದರಿಂದ ಅನ್ನುವುದು ಸಾಲಿನ ಕೊನೆಯಲ್ಲಿ. ಸಿಪಿ ಕಮಾಂಡ್ ಬಳಸಿ ಬಳಸಿ ನಮ್ಮ ಬೆರಳಿಗೆ ಅಭ್ಯಾಸವಾಗಿರುವುದು ಮೊದಲು ಮೂಲ, ಆಮೇಲೆ ನಕಲು. ಇಲ್ಲಿ ಪೂರ್ತಿ ತಿರುವುಮುರುವು. ಹಿಂದುಮುಂದಾದರೆ ಖಾಲಿ ಡಿಸ್ಕಿನ ಖಾಲಿ ಪಟ್ಟಿ ಹೋಗಿ ಬದುಕಿರುವ ಒಂದೇ ಡಿಸ್ಕಿನ ಮೇಲೆ ಕೂರುತ್ತದೆ. ಮಿರರ್‌ನ ಇನ್ನೊಂದು ಕಾಲು ಆಗಲೇ ಮುರಿದಿರುವ ಹೊತ್ತಿನಲ್ಲಿ ಇಂಥ ಸಿಂಟ್ಯಾಕ್ಸ್ ಜತೆ ಆಟ ಬೇಡ ಅನ್ನುವುದು ನನ್ನ ನಿಲುವು.

ಎರಡನೆಯದು ಎಸ್‌ಎಫ್‌ಡಿಸ್ಕ್, ಯುಟಿಲ್ ಲಿನಕ್ಸ್ ಪ್ಯಾಕೇಜಿನ ಪಾರ್ಟಿಶನ್ ಕಮಾಂಡ್. ಇದಕ್ಕೆ ಜಿಪಿಟಿ ಬರುವುದಿಲ್ಲ ಅಂತ ಹಳೆಯ ಟಿಪ್ಪಣಿಗಳಲ್ಲಿ ಇನ್ನೂ ಕಾಣುತ್ತದೆ. 2015ರಲ್ಲಿ ಬಂದ ಯುಟಿಲ್ ಲಿನಕ್ಸ್ 2.26ರಿಂದ ಅದು ಜಿಪಿಟಿಯನ್ನೂ ನೋಡಿಕೊಳ್ಳುತ್ತದೆ. ನನಗೆ ಇದು ಇಷ್ಟವಾಗಲು ಕಾರಣ ಬೇರೆ. ಡ್ಯಾಶ್ ಡಿ ಕೊಟ್ಟರೆ ಪಟ್ಟಿಯನ್ನು ಸಾದಾ ಟೆಕ್ಸ್ಟ್ ಆಗಿ ಹೊರಗೆ ಹಾಕುತ್ತದೆ, ಇದೇ ಡಂಪ್. ಅದನ್ನು ಫೈಲಿನಲ್ಲಿ ಇಟ್ಟುಕೊಂಡು, ಓದಿ, ತಿದ್ದಿ, ಆಮೇಲೆ ಹೊಸ ಡಿಸ್ಕಿಗೆ ತಿನ್ನಿಸಬಹುದು. ಓದುವ ಕಮಾಂಡಿಗೂ ಬರೆಯುವ ಕಮಾಂಡಿಗೂ ನಡುವೆ ಒಂದು ಫೈಲು. ಅಷ್ಟು ಬಿಡುವು ಸಿಕ್ಕರೆ ಕೈ ತಪ್ಪುವ ಸಂಭವ ತುಂಬಾ ಕಮ್ಮಿ.

ಮೊದಲು ಯಾವ ಡಿಸ್ಕ್ ಯಾವುದು ಅನ್ನುವ ಪ್ರಶ್ನೆ. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳನ್ನು ನಂಬಬಾರದು. ಕರ್ನಲ್‌ಗೆ ಯಾವ ಡಿಸ್ಕ್ ಮೊದಲು ಕಂಡಿತೋ ಅದಕ್ಕೆ ಮೊದಲ ಹೆಸರು. ಡಿಸ್ಕ್ ತೆಗೆದು ಹಾಕಿ ರೀಬೂಟ್ ಮಾಡಿದರೆ ಅದಲು ಬದಲಾಗಬಹುದು. ನಾನು ಡಿಸ್ಕುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಬಿಎಲ್‌ಕೆಗೆ ಹೆಸರು, ಸೈಜ್, ಮಾಡೆಲ್, ಸೀರಿಯಲ್, ಲಾಜಿಕಲ್ ಸೆಕ್ಟರ್ ಈ ಕಾಲಂಗಳನ್ನು ಕೇಳಿ, ಸೀರಿಯಲ್ ನಂಬರನ್ನು ಡಿಸ್ಕಿನ ಮೇಲಿನ ಚೀಟಿ ಜತೆ ತಾಳೆ ನೋಡಿದೆ. ಅಲ್ಲಿಂದ ಮುಂದೆ ಬರೆಯುವ ಕಮಾಂಡಿಗೆಲ್ಲ ಡೆವ್ ಡೈರೆಕ್ಟರಿಯ ಬೈ-ಐಡಿ ಕೆಳಗಿನ ಉದ್ದನೆಯ ಹೆಸರೇ. ಟೈಪ್ ಮಾಡಲು ರಗಳೆ. ಆದರೆ ಆ ಹೆಸರಲ್ಲೇ ಸೀರಿಯಲ್ ನಂಬರ್ ಇರುತ್ತದೆ.

ಲಾಜಿಕಲ್ ಸೆಕ್ಟರ್ ಕಾಲಂ ಕೇಳಿದ್ದು ಸುಮ್ನೆ ಅಲ್ಲ. ಸರ್ವರ್ ನಿಲ್ಲಿಸದೆ ಮೊದಲೇ ತಯಾರಿ ಮಾಡಿಡೋಣ ಅಂತ ಹೊಸ ಡಿಸ್ಕನ್ನು ಯುಎಸ್‌ಬಿ ಡಾಕ್‌ನಲ್ಲಿ ಕೂರಿಸಿದ್ದೆವು. ಹಳೆಯದರ ಲಾಜಿಕಲ್ ಸೆಕ್ಟರ್ 512 ಅಂತ ಬಂತು, ಹೊಸದರದ್ದು 4096. ಡಿಸ್ಕ್ ನಿಜಕ್ಕೂ 4096 ಆಗಿರಲಿಲ್ಲ. ಹಾಗೆ ಹೇಳುತ್ತಿದ್ದುದು ಡಾಕ್‌ನ ಒಳಗಿನ ಚಿಪ್. ಎಂಬಿಆರ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ ಇರುವುದು 32 ಬಿಟ್, 512 ಬೈಟಿನ ಲೆಕ್ಕದಲ್ಲಿ ಅದು ಸುಮಾರು 2 ಟಿಬಿಗೆ ನಿಂತುಬಿಡುತ್ತದೆ. ಅದನ್ನು ದಾಟಲು ಕೆಲವು ಡಾಕುಗಳು ಎಂಟು ಸೆಕ್ಟರ್ ಒಟ್ಟುಗೂಡಿಸಿ ಒಂದು ಅಂತ ತೋರಿಸುತ್ತವೆ. ಡಂಪ್ ಫೈಲಿನಲ್ಲಿರುವ ಸಂಖ್ಯೆಗಳೆಲ್ಲ ಸೆಕ್ಟರ್ ಲೆಕ್ಕ, ಬೈಟ್ ಲೆಕ್ಕ ಅಲ್ಲ. ಫೈಲಿನ ತಲೆಯಲ್ಲಿ ಸೆಕ್ಟರ್ ಸೈಜ್ 512 ಅಂತ ಬರೆದಿದ್ದರೂ 2.39ಕ್ಕಿಂತ ಹಳೆಯ ಯುಟಿಲ್ ಲಿನಕ್ಸ್‌ನಲ್ಲಿ ಅದು ಬರೀ ಮಾಹಿತಿಗೆ. ಬರೆಯುವಾಗ ಆ ಹಳೆಯ ಎಸ್‌ಎಫ್‌ಡಿಸ್ಕ್ ಎದುರಿಗಿರುವ ಡಿಸ್ಕಿನ ಲೆಕ್ಕವನ್ನೇ ಹಿಡಿಯುತ್ತದೆ (2.39ರಿಂದ ಅದು ತಾನೇ ಲೆಕ್ಕ ಬದಲಿಸಿಕೊಳ್ಳುತ್ತದೆ). ಅಂದರೆ 1 ಎಂಬಿಯಲ್ಲಿ ಶುರುವಾಗಬೇಕಾದ ಪಾರ್ಟಿಶನ್ 8 ಎಂಬಿಗೆ ಹೋಗುತ್ತದೆ, 2 ಟಿಬಿ ಮಿರರ್ 16 ಟಿಬಿ ಕೇಳುತ್ತದೆ. ಅಷ್ಟು ದೊಡ್ಡದು ಹಿಡಿಸದೆ ಎರರ್ ಬರುವುದರಿಂದ ನಮ್ಮಂಥ ಕಡೆ ಗೊತ್ತಾಗುತ್ತದೆ. ಚಿಕ್ಕ ಪಾರ್ಟಿಶನ್‌ಗಳಾದರೆ ಎಲ್ಲ ಚೆನ್ನಾಗಿ ಬರೆದುಕೊಂಡು, ಡಿಸ್ಕನ್ನು ನೇರ ಸಾಟಾ ಕೇಬಲ್‌ಗೆ ಹಾಕಿದ ದಿನ ಪಟ್ಟಿಯೇ ಕಾಣೆ. ಎರಡನೇ ಸೆಕ್ಟರ್‌ನಲ್ಲಿ ಹುಡುಕಿದರೆ ಹೆಡರ್ ಇರುವುದು ಒಂಬತ್ತನೆಯದರಲ್ಲಿ.

ಡಾಕ್ ಪಕ್ಕಕ್ಕಿಟ್ಟೆವು. ಸರ್ವರ್ ನಿಲ್ಲಿಸಿ, ಹೊಸ ಡಿಸ್ಕನ್ನು ಒಳಗೆ ನೇರವಾಗಿ ಹಾಕಿ ಮತ್ತೆ ಎತ್ತಿದೆವು. ಈಗ ಎರಡೂ 512.

ಡಂಪ್ ತೆಗೆದದ್ದು ಒಂದು ಸಾಲಿನ ಕೆಲಸ. ಓದಿದ್ದು ನಿಧಾನವಾಗಿ. ಮೇಲೆ ಲೇಬಲ್ ಜಿಪಿಟಿ, ಅದರ ಕೆಳಗೆ ಲೇಬಲ್-ಐಡಿ, ಡಿಸ್ಕಿನ ಹೆಸರು, ಮೊದಲ ಎಲ್‌ಬಿಎ, ಕೊನೆಯ ಎಲ್‌ಬಿಎ (ಪಾರ್ಟಿಶನ್‌ಗೆ ಸಿಗುವ ಮೊದಲ, ಕೊನೆಯ ಸೆಕ್ಟರ್‌ಗಳ ಸಂಖ್ಯೆ). ಆಮೇಲೆ ಪಾರ್ಟಿಶನ್‌ಗೆ ಒಂದೊಂದು ಸಾಲು. ಪ್ರತಿ ಸಾಲಿನಲ್ಲೂ ಸ್ಟಾರ್ಟ್, ಸೈಜ್, ಟೈಪ್, ಯುಯುಐಡಿ, ಹೆಸರಿದ್ದರೆ ಹೆಸರು. ಸಾಲಿನ ಶುರುವಿನಲ್ಲಿ ಹಳೆಯ ಡಿಸ್ಕಿನ ಹೆಸರೇ ಇರುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ, ಅದರಿಂದ ಪಾರ್ಟಿಶನ್ ನಂಬರ್ ಮಾತ್ರ ತೆಗೆದುಕೊಳ್ಳುತ್ತದೆ.

ಇಲ್ಲಿ ಎರಡು ಬಗೆಯ ಮಾಹಿತಿ ಒಂದೇ ಸಾಲಿನಲ್ಲಿ ಬೆರೆತಿದೆ. ಸ್ಟಾರ್ಟ್, ಸೈಜ್, ಟೈಪ್ ಇವು ವಿನ್ಯಾಸ. ಲೇಬಲ್-ಐಡಿ, ಯುಯುಐಡಿ ಇವು ಆ ಡಿಸ್ಕಿನ, ಆ ಪಾರ್ಟಿಶನ್‌ನ ಸ್ವಂತ ಗುರುತು. ಜಗತ್ತಿನಲ್ಲಿ ಒಂದೇ ಇರಲಿ ಅಂತ ಕೊಟ್ಟ ಸಂಖ್ಯೆಗಳು. ಫೈಲನ್ನು ಹಾಗೇ ತಿನ್ನಿಸಿದರೆ ಅವೂ ಹಾಗೇ ನಕಲಾಗುತ್ತವೆ. ಮನೆಯ ನಕ್ಷೆ ಕೇಳಿದರೆ ಬಾಗಿಲಿನ ನಂಬರನ್ನೂ ಸೇರಿಸಿ ಕೊಟ್ಟ ಹಾಗೆ. ಡಿಸ್ಕ್ ಕೆಲಸ ಮಾಡುತ್ತದೆ, ಮಿರರ್ ಸೇರಿಕೊಳ್ಳುತ್ತದೆ, ಯಾವ ಎರರೂ ಇಲ್ಲ. ಅದೇ ತೊಂದರೆ. ತಿಂಗಳುಗಳಾದ ಮೇಲೆ ಯಾರೋ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಏನನ್ನು ಮೌಂಟ್ ಮಾಡಬೇಕು ಅನ್ನುವ ಫೈಲಿನಲ್ಲಿ) ಪಾರ್ಟಿಶನ್ ಯುಯುಐಡಿ ಹಾಕಿ ಮೌಂಟ್ ಮಾಡುತ್ತಾರೆ. ಬೈ-ಪಾರ್ಟ್‌ಯುಯುಐಡಿ ಕೆಳಗೆ ಆ ಸಂಖ್ಯೆಗೆ ಇರುವುದು ಒಂದೇ ಲಿಂಕ್. ಅದು ಯಾವ ಡಿಸ್ಕನ್ನು ತೋರಿಸುತ್ತದೆ ಅನ್ನುವುದು ಆ ಬೂಟ್‌ನಲ್ಲಿ ಈ ಲಿಂಕ್‌ಗಳನ್ನು ಕಟ್ಟುವ ಯುಡೆವ್ ಯಾವುದನ್ನು ಹೇಗೆ ಕಂಡಿತು ಅನ್ನುವುದರ ಮೇಲೆ. ಮದರ್‌ಬೋರ್ಡಿನ ಯುಇಎಫ್‌ಐ ಕೂಡ ಬೂಟ್ ಎಂಟ್ರಿಯಲ್ಲಿ ಪಾರ್ಟಿಶನ್‌ನ ಇದೇ ಗುರುತನ್ನು ಬರೆದುಕೊಂಡಿರುತ್ತದೆ. ಎರಡು ಡಿಸ್ಕಿಗೂ ಒಂದೇ ಗುರುತಿದ್ದರೆ ಬೂಟ್ ಆದದ್ದು ಯಾವುದರಿಂದ ಅಂತ ಹೇಳುವುದು ಕಷ್ಟ. ಎಸ್‌ಜಿಡಿಸ್ಕ್‌ನ ಆರ್ ಕೂಡ ಗುರುತುಗಳನ್ನು ಇದ್ದ ಹಾಗೇ ನಕಲು ಮಾಡುತ್ತದೆ. ಆಮೇಲೆ ಹೊಸ ಡಿಸ್ಕಿನ ಮೇಲೆ ಕ್ಯಾಪಿಟಲ್ ಜಿ ಓಡಿಸಿ ಹೊಸ ಗುರುತು ಕೊಡಿ ಅಂತ ಅದರ ಮ್ಯಾನ್ ಪುಟದಲ್ಲೇ ಬರೆದಿದೆ. ಆರ್ ನೆನಪಿಟ್ಟುಕೊಂಡವರಲ್ಲಿ ಜಿ ನೆನಪಿಟ್ಟುಕೊಂಡವರು ಕಮ್ಮಿ.

ಹಾಗಾಗಿ ಫೈಲಿನಲ್ಲಿ ಲೇಬಲ್-ಐಡಿ ಸಾಲು ಅಳಿಸಿದೆ. ಪ್ರತಿ ಪಾರ್ಟಿಶನ್ ಸಾಲಿನಿಂದ ಯುಯುಐಡಿ ಭಾಗ ತೆಗೆದೆ. ಇವು ಇಲ್ಲದಿದ್ದರೆ ಎಸ್‌ಎಫ್‌ಡಿಸ್ಕ್ ತಾನೇ ಹೊಸದು ಹುಟ್ಟಿಸಿಕೊಳ್ಳುತ್ತದೆ. ಟೈಪ್ ಮಾತ್ರ ಮುಟ್ಟಲಿಲ್ಲ. ಅದೂ ಯುಯುಐಡಿಯಂತೆಯೇ ಉದ್ದನೆಯ ಸಂಖ್ಯೆ, ಹುಡುಗ ಅದನ್ನೂ ಅಳಿಸಲು ಹೊರಟಿದ್ದ. ಅದು ಗುರುತಲ್ಲ, ಇದು ಇಎಫ್‌ಐ ಪಾರ್ಟಿಶನ್, ಇದು ರೇಡ್ (ಮಿರರ್‌ನಂಥ ಅರೇಯ ಭಾಗ) ಅಂತ ಹೇಳುವ ಜಾತಿ ಸಂಖ್ಯೆ. ಎಲ್ಲ ಕಡೆ ಒಂದೇ ಇರಬೇಕು.

ಕೊನೆಯ ಎಲ್‌ಬಿಎ ಸಾಲನ್ನೂ ಅಳಿಸಿದೆ. ಅದರಲ್ಲಿದ್ದದ್ದು 3907029134. 2 ಟಿಬಿ ಡಿಸ್ಕಿನ ಒಟ್ಟು ಸೆಕ್ಟರ್ 3907029168, ಕೊನೆಯ 33 ಬ್ಯಾಕಪ್ ಜಿಪಿಟಿಗೆ ಹೋದರೆ ಉಳಿಯುವ ತುದಿ ಅದು. ಬಿಟ್ಟಿದ್ದರೆ 4 ಟಿಬಿ ಡಿಸ್ಕ್ ಕೂಡ ತಾನು 2 ಟಿಬಿಗೆ ಮುಗಿದೆ ಅಂದುಕೊಳ್ಳುತ್ತಿತ್ತು, ಉಳಿದರ್ಧ ಯಾರ ಕೈಗೂ ಸಿಗುತ್ತಿರಲಿಲ್ಲ.

ಇನ್ನು ಕೊನೆಯ ಪಾರ್ಟಿಶನ್‌ನ ಸೈಜ್. ಹಳೆಯ ಅಳತೆಯಲ್ಲೇ ಬಿಡಬಹುದಿತ್ತು. ಆದರೆ ಉಳಿದ ಹಳೆಯ ಡಿಸ್ಕೂ ಹೆಚ್ಚು ದಿನ ಬಾಳುವ ಲಕ್ಷಣ ಇರಲಿಲ್ಲ, ಅದರ ಜಾಗಕ್ಕೂ 4 ಟಿಬಿಯೇ ಬರುವುದು. ಮಿರರ್ ಹೇಗಿದ್ದರೂ ಚಿಕ್ಕ ಕಾಲಿನ ಅಳತೆಯನ್ನೇ ಬಳಸುತ್ತದೆ, ದೊಡ್ಡದು ಕೊಟ್ಟರೆ ಬೇಡ ಅನ್ನುವುದಿಲ್ಲ. ಈಗಲೇ ದೊಡ್ಡದು ಮಾಡಿಟ್ಟರೆ ಮುಂದೆ ಓಡುತ್ತಿರುವ ಅರೇಯ ಪಾರ್ಟಿಶನ್ ಹಿಗ್ಗಿಸುವ ಕೆಲಸ ತಪ್ಪುತ್ತದೆ. ಸೈಜ್ ಭಾಗವನ್ನೇ ಅಳಿಸಿದರೆ ಎಸ್‌ಎಫ್‌ಡಿಸ್ಕ್ ಉಳಿದ ಜಾಗವನ್ನೆಲ್ಲ ಬಳಿದುಕೊಳ್ಳುತ್ತದೆ. ನಾನು ಅಷ್ಟು ಮಾಡಲಿಲ್ಲ. ಕೊನೆಯಲ್ಲಿ 100 ಎಂಬಿ, ಅಂದರೆ 204800 ಸೆಕ್ಟರ್ ಖಾಲಿ ಬಿಟ್ಟು ಸೈಜ್ ಬರೆದೆ. 4 ಟಿಬಿ ಅಂತ ಮಾರುವ ಡಿಸ್ಕುಗಳಲ್ಲಿ ಸಾಮಾನ್ಯವಾಗಿ 7814037168 ಸೆಕ್ಟರ್ ಇರುತ್ತವೆ, ತಯಾರಕರು ಒಪ್ಪಿಕೊಂಡ ಸೂತ್ರ ಅದು. ಆದರೆ ರೇಡ್ ಕಾರ್ಡೋ ಡಾಕೋ ಕೊನೆಯ ಸ್ವಲ್ಪ ಸೆಕ್ಟರ್‌ಗಳನ್ನು ತಾನೇ ಇಟ್ಟುಕೊಂಡು ಕಮ್ಮಿ ತೋರಿಸುವುದುಂಟು. ಮುಂದಿನ ಡಿಸ್ಕ್ ನಾಲ್ಕು ಸೆಕ್ಟರ್ ಕಮ್ಮಿ ಇದ್ದರೂ ಅರೇ ಅದನ್ನು ತಳ್ಳಿಹಾಕುತ್ತದೆ. ಅದರ ಮುಂದೆ 100 ಎಂಬಿ ಏನು ಮಹಾ.

ಬರೆಯುವ ಮೊದಲು ನೋ-ಆಕ್ಟ್ ಆಯ್ಕೆ ಹಾಕಿ ಒಂದು ಸುತ್ತು ಓಡಿಸಿದೆ. ಏನು ಬರೆಯುತ್ತಿದ್ದೆ ಅಂತ ತೋರಿಸುತ್ತದೆ, ಬರೆಯುವುದಿಲ್ಲ. ಡಿಸ್ಕ್ ಹಳೆಯದಾಗಿದ್ದರೆ ಇದೇ ಹೊತ್ತಿಗೆ ವೈಪ್‌ಎಫ್‌ಎಸ್ ಓಡಿಸಿ ಹಿಂದಿನ ರೇಡ್ ಸಹಿ, ಫೈಲ್‌ಸಿಸ್ಟಂ ಸಹಿ ಏನಾದರೂ ಉಳಿದಿದೆಯಾ ನೋಡಬೇಕು. ಇಲ್ಲದಿದ್ದರೆ ಹೊಸ ಪಾರ್ಟಿಶನ್ ಹುಟ್ಟಿದ ಕೂಡಲೇ ಯಾವುದೋ ಹಳೆಯ ಅರೇ ಎದ್ದು ಕೂರಬಹುದು. ನಮ್ಮದು ಹೊಚ್ಚ ಹೊಸದು, ಖಾಲಿ ಇತ್ತು. ನಿಜವಾಗಿ ಬರೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಎಸ್‌ಎಫ್‌ಡಿಸ್ಕ್ ಬರೆದಾದ ಮೇಲೆ ತಾನೇ ಕರ್ನಲ್‌ಗೆ ಪಟ್ಟಿಯನ್ನು ಮತ್ತೆ ಓದು ಅನ್ನುತ್ತದೆ. ಡಿಸ್ಕ್ ಬಳಕೆಯಲ್ಲಿದ್ದರೆ ಬರೆಯಲು ಒಪ್ಪುವುದಿಲ್ಲ. ಆಗ ಫೋರ್ಸ್ ಆಯ್ಕೆಗೆ ಕೈ ಹಾಕುವವರಿದ್ದಾರೆ. ನಾನಾದರೆ ಆ ಎರರ್ ಕಂಡ ಕೂಡಲೇ ಸೀರಿಯಲ್ ನಂಬರ್ ಮತ್ತೊಮ್ಮೆ ನೋಡುತ್ತೇನೆ.

ಪಟ್ಟಿ ಬಂತು ಅಂದರೆ ಒಳಗಿನದು ಬಂತು ಅಂತ ಅಲ್ಲ. ಎರಡು ರೇಡ್ ಪಾರ್ಟಿಶನ್‌ಗಳನ್ನು ಎಂಡಿಆಡ್ಮ್‌ಗೆ ಸೇರಿಸಿದೆವು, ರೀಸಿಂಕ್, ಅಂದರೆ ಡೇಟಾವನ್ನು ಹೊಸ ಡಿಸ್ಕಿಗೆ ತುಂಬುವ ಕೆಲಸ, ತಾನಾಗಿ ಶುರುವಾಯಿತು. ಇಎಫ್‌ಐ ಪಾರ್ಟಿಶನ್ ಮಿರರ್‌ನಲ್ಲಿ ಇಲ್ಲ, ಅದು ಬರೀ ಖಾಲಿ ಡಬ್ಬ. ಅದಕ್ಕೆ ಫ್ಯಾಟ್ ಫೈಲ್‌ಸಿಸ್ಟಂ ಹಾಕಿ, ಬದುಕಿರುವ ಡಿಸ್ಕಿನ ಇಎಫ್‌ಐ ಫೈಲುಗಳನ್ನು ಅಲ್ಲಿಗೆ ಕಾಪಿ ಮಾಡಿ, ಇಎಫ್‌ಐ ಬೂಟ್ ಮ್ಯಾನೇಜರ್‌ನಲ್ಲಿ ಹೊಸ ಡಿಸ್ಕಿಗೆ ಅಂತ ಬೇರೆಯೇ ಎಂಟ್ರಿ ಮಾಡಿದೆವು. ಇದನ್ನು ಬಿಟ್ಟಿದ್ದರೆ ಹಳೆಯ ಡಿಸ್ಕ್ ಸತ್ತ ದಿನ ಡೇಟಾ ಎಲ್ಲ ಕ್ಷೇಮವಾಗಿದ್ದೂ ಮೆಷಿನ್ ಎದ್ದೇಳುತ್ತಿರಲಿಲ್ಲ. ರೀಸಿಂಕ್ ಮುಗಿದ ಮೇಲೆ ಹೊಸ ಡಿಸ್ಕಿನಿಂದಲೇ ಬೂಟ್ ಮಾಡಿ ನೋಡಿದೆವು. ಎದ್ದಿತು.

ಇದೇ ಕೆಲಸ ಯುನಿಕ್ಸ್ ಬಗೆಯ ಇನ್ನೊಂದು ಸಿಸ್ಟಂ ಆದ ಫ್ರೀಬಿಎಸ್‌ಡಿಯಲ್ಲಿ ಮಾಡುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಜಿಪಾರ್ಟ್ ಬ್ಯಾಕಪ್ ಅಂದರೆ ಪುಟ್ಟ ಟೆಕ್ಸ್ಟ್ ಬರುತ್ತದೆ. ಪದ್ಧತಿ, ಪಾರ್ಟಿಶನ್ ನಂಬರ್, ಟೈಪ್, ಶುರು, ಅಳತೆ, ಲೇಬಲ್. ಯುಯುಐಡಿಯ ಸುಳಿವೇ ಇಲ್ಲ. ಅದನ್ನು ಪೈಪ್ ಮಾಡಿ ಇನ್ನೊಂದು ಡಿಸ್ಕಿನ ಮೇಲೆ ಜಿಪಾರ್ಟ್ ರಿಸ್ಟೋರ್ ಅಂದರೆ ಮುಗೀತು. ಲೇಬಲ್ ಕೂಡ ನಾವಾಗಿ ಡ್ಯಾಶ್ ಎಲ್ ಕೊಟ್ಟು ಕೇಳಿದರೆ ಮಾತ್ರ ನಕಲಾಗುತ್ತದೆ. ವಿನ್ಯಾಸ ಬೇರೆ, ಗುರುತು ಬೇರೆ ಅನ್ನುವುದನ್ನು ಅದನ್ನು ಬರೆದವರು ಮೊದಲೇ ಯೋಚಿಸಿದ್ದಾರೆ. ಬೂಟ್ ಕೋಡ್ ಮಾತ್ರ ಇಲ್ಲೂ ಬರುವುದಿಲ್ಲ, ಜಿಪಾರ್ಟ್ ಬೂಟ್‌ಕೋಡ್ ಅಂತ ಪ್ರತ್ಯೇಕವಾಗಿ ಹಾಕಬೇಕು. ಝಡ್‌ಎಫ್‌ಎಸ್ ಫೈಲ್‌ಸಿಸ್ಟಂನ ಮಿರರ್‌ಗೆ ಹೊಸ ಡಿಸ್ಕ್ ಸೇರಿಸಿದ ಖುಷಿಯಲ್ಲಿ ಮರೆತುಹೋಗುವುದು ಇದೇ. ಓಪನ್‌ಬಿಎಸ್‌ಡಿಯಲ್ಲಿ ಡಿಸ್ಕ್‌ಲೇಬಲ್‌ನ ಔಟ್‌ಪುಟ್ಟನ್ನು ಫೈಲಿಗೆ ಹಾಕಿ, ಕ್ಯಾಪಿಟಲ್ ಆರ್ ಕೊಟ್ಟು ಇನ್ನೊಂದಕ್ಕೆ ಬರೆಯಬಹುದು. ಅಲ್ಲಿ ಆ ಫೈಲಿನಲ್ಲೇ ಡಿಯುಐಡಿ ಅನ್ನುವ ಡಿಸ್ಕ್ ಗುರುತಿನ ಸಾಲಿದೆ, ಎಫ್‌ಎಸ್‌ಟ್ಯಾಬ್ ನಡೆಯುವುದೇ ಅದರ ಮೇಲೆ. ಎರಡು ಡಿಸ್ಕಿಗೆ ಒಂದೇ ಡಿಯುಐಡಿ ಇರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಇನ್ನೊಂದು ಯುನಿಕ್ಸ್ ಆದ ಸೊಲಾರಿಸ್ ಮುಟ್ಟದೆ ತುಂಬಾ ವರ್ಷ ಆಯಿತು, ಆದರೆ ಆ ಸಾಲು ಇನ್ನೂ ಬೆರಳಲ್ಲಿದೆ. ಪಟ್ಟಿ ಓದುವ ಪಿಆರ್‌ಟಿವಿಟಿಒಸಿ ಒಂದು ಕಡೆ, ಬರೆಯುವ ಎಫ್‌ಎಂಟಿಹಾರ್ಡ್ ಇನ್ನೊಂದು ಕಡೆ, ನಡುವೆ ಪೈಪ್. ಎರಡೂ ಕಡೆ ಸ್ಲೈಸ್ (ಅಲ್ಲಿ ಪಾರ್ಟಿಶನ್‌ನ ಹೆಸರು) 2 ಬರೆಯಬೇಕು, ಯಾಕೆಂದರೆ ರೂಢಿಯಲ್ಲಿ ಸ್ಲೈಸ್ 2 ಅಂದರೆ ಇಡೀ ಡಿಸ್ಕ್. ಸಿ0ಟಿ0ಡಿ0ಎಸ್2 ಅನ್ನುವ ಹೆಸರುಗಳಲ್ಲಿ ಒಂದು ಸೊನ್ನೆ ಒಂದಾದರೆ ಕಥೆ ಮುಗಿಯಿತು. ಡಿಸ್ಕುಗಳ ಜ್ಯಾಮಿತಿ ಒಂದೇ ಇದ್ದರೆ ಮಾತ್ರ ಆ ನಕಲು ಸರಿಯಾಗಿ ಕೂರುತ್ತಿತ್ತು. ಬೇರೆಯಾದರೆ ಸ್ಲೈಸುಗಳು ಸಿಲಿಂಡರ್ ಗೆರೆ ತಪ್ಪಿ ಬೀಳುತ್ತಿದ್ದವು. ಸ್ಪೇರ್ ಡಿಸ್ಕ್ ತರಿಸುವಾಗ ಅದೇ ಮಾಡೆಲ್ ಬೇಕು ಅಂತ ಹಿರಿಯರು ಹಟ ಹಿಡಿಯುತ್ತಿದ್ದುದು ಇದಕ್ಕೇ.

ನಮ್ಮ ಸರ್ವರ್‌ಗೆ ವಾಪಸ್ ಬರುತ್ತೇನೆ. ಉಳಿದ ಹಳೆಯ ಡಿಸ್ಕೂ ಅಂದುಕೊಂಡಂತೆ ಕೆಮ್ಮತೊಡಗಿತು. ಈ ಸಲ ಡಂಪ್ ತೆಗೆದದ್ದು ಹೊಸ 4 ಟಿಬಿಯಿಂದ. ಎರಡೂ ಒಂದೇ ಅಳತೆಯಾದ್ದರಿಂದ ಸೈಜ್ ಮುಟ್ಟುವ ಕೆಲಸ ಇರಲಿಲ್ಲ, ಗುರುತುಗಳನ್ನು ಅಳಿಸಿ ಬರೆದದ್ದಷ್ಟೇ. ಹುಡುಗನೇ ಮಾಡಿದ, ನಾನು ಪಕ್ಕದಲ್ಲಿ ಕೂತಿದ್ದೆ. ರೀಸಿಂಕ್ ಮುಗಿದ ಮೇಲೆ ಎಂಡಿಆಡ್ಮ್‌ಗೆ ಗ್ರೋ, ಸೈಜ್ ಮ್ಯಾಕ್ಸ್ ಅಂದೆವು. ಹಿಗ್ಗಿದ ಭಾಗವೂ ಸಿಂಕ್ ಆಯಿತು. ಆಮೇಲೆ ಹೊಸ ಅಳತೆಯನ್ನು ಎಲ್‌ವಿಎಂಗೆ ತಿಳಿಸುವ ಪಿವಿರೀಸೈಜ್. ಎಲ್‌ವಿಎಂನಲ್ಲಿ ಜಾಗ ಎರಡು ಪಟ್ಟಾಯಿತು. ಎರಡು ಡಿಸ್ಕುಗಳ ಡಂಪ್ ಫೈಲುಗಳು ಈಗ ಆ ಮೆಷಿನ್‌ನ ಉಳಿದ ಕಾನ್ಫಿಗರೇಶನ್ ಫೈಲುಗಳ ಜತೆ ಗಿಟ್‌ನಲ್ಲಿವೆ, ಗುರುತು ಅಳಿಸದೆ ಇದ್ದದ್ದು ಇದ್ದ ಹಾಗೇ. ಪಟ್ಟಿ ಮಾತ್ರ ಹಾಳಾಗಿ ಡೇಟಾ ಉಳಿದಿರುವ ಡಿಸ್ಕಿಗೆ ಅದೇ ಪಟ್ಟಿಯನ್ನು ಮತ್ತೆ ಬರೆಯಬೇಕಾಗಿ ಬಂದರೆ ಆಗ ಗುರುತೂ ಬೇಕು.